‘ವೀಲ್‌ಚೇರ್ ಬರುತ್ತದೆ’ ಅಂದರೆ ಸಾಲದು, ಎಷ್ಟು ಇಂಚು ಅಂತ ಹೇಳಿ

ಮಾನ್ಯ ಸಂಪಾದಕರಿಗೆ, ಶರಣು.

ಹೋದ ಭಾನುವಾರ ನಿಮ್ಮ ಪತ್ರಿಕೆಯಲ್ಲಿ ರಜೆಗೆ ಎಲ್ಲೆಲ್ಲಿ ಹೋಗಬಹುದು ಅಂತ ಒಂದು ಪುಟ ಬಂದಿತ್ತು. ಎಷ್ಟು ಕಿಲೋಮೀಟರ್, ಎಲ್ಲಿ ಊಟ, ಎಲ್ಲಿ ವಸತಿ, ಎಲ್ಲಾ ಇತ್ತು. ನನ್ನ ಹೆಂಡತಿ ಪೂರ್ತಿ ಓದಿದಳು. ಪುಟ ಮಡಚಿ ತೊಡೆ ಮೇಲೆ ಇಟ್ಟುಕೊಂಡು, "ಮೆಟ್ಟಿಲು ಎಷ್ಟವ ಅಂತ ಯಾರೂ ಬರಿಯಂಗಿಲ್ಲ ನೋಡ್ರಿ" ಅಂದಳು. ಆ ಮಾತು ಮನಸ್ಸಿನಲ್ಲಿ ಕೂತುಬಿಟ್ಟಿತು. ಅದಕ್ಕೇ ಈ ಪತ್ರ.

ನಾನು ಕಲಬುರಗಿಯ ಶಹಾಬಜಾರದಲ್ಲಿ ದರ್ಜಿ. 24 ವರ್ಷದಿಂದ ಹೊಲಿಗೆ ಕೆಲಸ. ನನ್ನ ಹೆಂಡತಿ ಒಂದು ಶಾಲೆಯಲ್ಲಿ ಸಮಾಜ ವಿಜ್ಞಾನದ ಟೀಚರ್ ಆಗಿದ್ದಳು. ಏಳು ವರ್ಷದ ಹಿಂದೆ ಮಳೆ ಬಂತು ಅಂತ ಮಾಳಿಗೆ ಮೇಲೆ ಒಣಗಲು ಹಾಕಿದ್ದ ಜೋಳ ತರಲು ಓಡಿದಳು, ಜಾರಿ ಕೆಳಗೆ ಬಿದ್ದಳು. ಬೆನ್ನುಹುರಿಗೆ ಪೆಟ್ಟಾಯಿತು. ಅಂದಿನಿಂದ ಸೊಂಟದ ಕೆಳಗೆ ಶಕ್ತಿ ಇಲ್ಲ. ವೀಲ್‌ಚೇರ್ ಮೇಲೆಯೇ ಅಡುಗೆ, ಮಕ್ಕಳ ಟ್ಯೂಷನ್, ಅಂಗಡಿಯ ಲೆಕ್ಕ ಎಲ್ಲಾ ನೋಡುತ್ತಾಳೆ. ಈ ವರ್ಷ ದಸರಾ ರಜೆಗೆ ಮುಂಚೆ ಒಂದು ದಿನ ಅಂದಳು: "ಹನ್ನೆರಡು ವರ್ಷ ತಾಜ್ ಮಹಲ್ ಪಾಠ ಮಾಡೀನಿ. ಒಮ್ಮೆ ಕಣ್ಣಿಲೆ ನೋಡಬೇಕ್ರಿ."

ಎಂಟು ದಿನ ರಜೆ. ನಾವು ನಾಲ್ಕು ಜನ. ಮಗ ಪಿಯುಸಿ, ಮಗಳು ಏಳನೇ ಕ್ಲಾಸು. ಇಷ್ಟು ದೊಡ್ಡ ದೇಶ, ಒಮ್ಮೆ ಹೊರಟರೆ ಎಲ್ಲಾ ನೋಡಿಬಿಡೋಣ ಅಂತ ಮಗ ಆಗ್ರಾ, ದೆಹಲಿ, ಜೈಪುರ, ಅಮೃತಸರ, ಹರಿದ್ವಾರ ಅಂತ ಪಟ್ಟಿ ಮಾಡಿದ. ನಕಾಶೆಯಲ್ಲಿ ನೋಡಿದರೆ ಎಲ್ಲಾ ಹತ್ತಿರವೇ ಕಾಣುತ್ತವೆ. ಆಗ ನನ್ನ ಹೆಂಡತಿ ಮಗಳ ನೋಟ್‌ಬುಕ್ ತಗೊಂಡು ಬೇರೆ ಒಂದು ಲೆಕ್ಕ ಶುರು ಮಾಡಿದಳು. ಮನೆಯಿಂದ ಗಾಡಿಗೆ ಎತ್ತಿ ಕೂಡಿಸೋದು ಒಂದು. ಗಾಡಿಯಿಂದ ಕುರ್ಚಿಗೆ ಎರಡು. ಕುರ್ಚಿಯಿಂದ ರೈಲಿನ ಬರ್ತಿಗೆ ಮೂರು. ಹೀಗೆ ಎತ್ತಿದ್ದಕ್ಕೊಂದು, ಇಳಿಸಿದ್ದಕ್ಕೊಂದು ಗೀಟು ಹಾಕುತ್ತಾ ಹೋದಳು. ಐದು ಊರಿಗೆ ಗೀಟು 70 ದಾಟಿತು. ರಾತ್ರಿ ಮಂಚಕ್ಕೆ, ಬಾತ್‌ರೂಮಿಗೆ ಎತ್ತೋದು ಇದರಲ್ಲಿ ಸೇರಿಲ್ಲ. "ನಿಮ್ಮ ಸೊಂಟನೂ ಉಳಿಯಂಗಿಲ್ಲ, ನನ್ನ ಭುಜನೂ ಉಳಿಯಂಗಿಲ್ಲ" ಅಂದಳು.

ವೀಲ್‌ಚೇರ್ ಇರುವ ಮನೆಯವರು ಯಾರಾದರೂ ಪ್ರವಾಸ ಹೊರಡುವವರಿದ್ದರೆ ಈ ಲೆಕ್ಕ ಮಾಡಿ ನೋಡಿ ಅಂತ ಕೇಳಿಕೊಳ್ಳುತ್ತೇನೆ. ಸಾವಿರ ಕಿಲೋಮೀಟರ್ ಒಂದೇ ರೈಲಿನಲ್ಲಿ ಹೋಗೋದು ಸುಲಭ. ಮೂರು ಕಿಲೋಮೀಟರಿಗೆ ಮೂರು ಗಾಡಿ ಬದಲಾಯಿಸೋದು ಕಷ್ಟ. ನಾವು ಮೂರು ಊರು ಕೈಬಿಟ್ಟು ಆಗ್ರಾ, ದೆಹಲಿ ಎರಡೇ ಇಟ್ಟುಕೊಂಡೆವು. ಗೀಟು 26ಕ್ಕೆ ಇಳಿಯಿತು. ಮಗನಿಗೆ ಸ್ವಲ್ಪ ಬೇಜಾರಾಯಿತು. ಆದರೆ ಎತ್ತುವವರಲ್ಲಿ ಅವನೂ ಒಬ್ಬ. ಬೇಗ ಒಪ್ಪಿಕೊಂಡ.

ರೈಲು ಆರಿಸಿಕೊಂಡಿದ್ದಕ್ಕೆ ಇನ್ನೊಂದು ಕಾರಣ ಇದೆ. ಬೆನ್ನುಹುರಿಗೆ ಪೆಟ್ಟಾದವರು ಒಂದೇ ಕಡೆ ಭಾರ ಹಾಕಿ ಜಾಸ್ತಿ ಹೊತ್ತು ಕೂತರೆ ಚರ್ಮ ಒಡೆದು ಹುಣ್ಣಾಗುತ್ತದೆ. ನೋವು ಗೊತ್ತಾಗಲ್ಲ, ಹಾಗಾಗಿ ಹುಣ್ಣೂ ಗೊತ್ತಾಗಲ್ಲ. ರೈಲಿನಲ್ಲಾದರೆ ಮಲಗಬಹುದು, ಮಗ್ಗುಲು ಬದಲಾಯಿಸಬಹುದು. ಬೆಂಗಳೂರಿನಿಂದ ದೆಹಲಿಗೆ ಹೋಗುವ ಕರ್ನಾಟಕ ಎಕ್ಸ್‌ಪ್ರೆಸ್ ಯಾದಗಿರಿ, ಕಲಬುರಗಿ ಮೇಲೆಯೇ ಹೋಗುತ್ತದೆ. ಆಗ್ರಾ ಕ್ಯಾಂಟ್‌ನಲ್ಲಿ ನಿಲ್ಲುತ್ತದೆ. ನಡುವೆ ಎಲ್ಲೂ ರೈಲು ಬದಲಾಯಿಸಬೇಕಾಗಿಲ್ಲ. ನಮ್ಮ ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಲ್ಲಿ ಕೆಲವರಿಗೆ ಗೊತ್ತಿಲ್ಲದ ವಿಷಯ ಒಂದಿದೆ. ಜೊತೆಗೊಬ್ಬರಿಲ್ಲದೆ ಓಡಾಡಲು ಆಗದ ಅಂಗವಿಕಲರಿಗೆ ಸ್ಲೀಪರ್ ಮತ್ತು ತ್ರೀ ಟಯರ್ ಎಸಿಯಲ್ಲಿ ಟಿಕೆಟ್ ದರದಲ್ಲಿ ನೂರಕ್ಕೆ 75 ರಿಯಾಯಿತಿ ಇದೆ. ರಾಜಧಾನಿಯಂಥ ರೈಲುಗಳಲ್ಲಿ ಇದು ಕಡಿಮೆ. ಜೊತೆಗೆ ಹೋಗುವ ಒಬ್ಬರಿಗೂ ಅಷ್ಟೇ ರಿಯಾಯಿತಿ ಸಿಗುತ್ತದೆ. 2020ರಲ್ಲಿ ಹಿರಿಯ ನಾಗರಿಕರ ರಿಯಾಯಿತಿ ನಿಂತಿತಲ್ಲ, ಇದೂ ಹೋಯಿತು ಅಂತ ಬಹಳ ಜನ ತಿಳಿದಿದ್ದಾರೆ. ಹೋಗಿಲ್ಲ. ಸರ್ಕಾರಿ ಡಾಕ್ಟರ ಸರ್ಟಿಫಿಕೇಟ್ ಕೊಟ್ಟು ರೈಲ್ವೆಯಿಂದ ಫೋಟೊ ಇರುವ ಗುರುತಿನ ಚೀಟಿ ಮಾಡಿಸಿಕೊಂಡರೆ ಮನೆಯಲ್ಲೇ ಕೂತು ಟಿಕೆಟ್ ತೆಗೆಯಬಹುದು. 2023ರಿಂದ ಸ್ಲೀಪರ್‌ನಲ್ಲಿ ನಾಲ್ಕು ಬರ್ತ್, ತ್ರೀ ಟಯರ್ ಎಸಿಯಲ್ಲಿ ಎರಡು ಬರ್ತ್ ಅಂಗವಿಕಲರಿಗೆ ಮತ್ತು ಜೊತೆಗಾರರಿಗೆ ಅಂತ ಇಟ್ಟಿದ್ದಾರೆ. ಅದರಲ್ಲಿ ಅರ್ಧ ಕೆಳಗಿನವು.

ಆದರೆ ಬೋಗಿಯ ಒಳಗಿನ ಓಣಿ ಸಣ್ಣದು, ವೀಲ್‌ಚೇರ್ ಹೋಗಲ್ಲ. ಅದಕ್ಕೆ ನಾನು ಒಂದು ಎತ್ತುವ ಬಟ್ಟೆ ಹೊಲಿದೆ. ದಪ್ಪ ಕ್ಯಾನ್ವಾಸ್, ಎರಡು ಪದರ. ಉದ್ದ 44 ಇಂಚು, ಅಗಲ 20. ಮಂಚಕ್ಕೆ ಹಾಕುವ ನವಾರು ಪಟ್ಟಿಯನ್ನು ಬಟ್ಟೆಯ ಅಡಿಯಿಂದ ಪೂರ್ತಿ ಹಾಯಿಸಿ ಆರು ಕಡೆ ಹಿಡಿಕೆ ಬಿಟ್ಟೆ. ಸುಮ್ನೆ ಅಂಚಿಗೆ ಹಿಡಿಕೆ ಹೊಲಿದರೆ ಭಾರಕ್ಕೆ ಕಿತ್ತು ಬರುತ್ತದೆ. ಪಟ್ಟಿ ಅಡಿಯಿಂದ ಬಂದರೆ ಮನುಷ್ಯನ ಭಾರ ಪಟ್ಟಿಯ ಮೇಲೆಯೇ ಕೂರುತ್ತದೆ. ಪ್ರತಿ ಹಿಡಿಕೆಯ ಬುಡಕ್ಕೆ ಚೌಕ ಹೊಲಿಗೆ, ಅದರ ಒಳಗೆ ಮೂಲೆಯಿಂದ ಮೂಲೆಗೆ ಅಡ್ಡ ಎರಡು ಹೊಲಿಗೆ. ದಾರ ನೈಲಾನ್, ಸೂಜಿ 18 ನಂಬರ್. ಮೊದಲು 70 ಕಿಲೋ ಜೋಳದ ಚೀಲ ಇಟ್ಟು ನಾನು, ಮಗ ಹತ್ತು ಸಲ ಎತ್ತಿ ನೋಡಿದೆವು. ಆಮೇಲೆ ಅವಳನ್ನು ಕೂಡಿಸಿದೆವು. ಕಂಕುಳಲ್ಲಿ ಕೈ ಹಾಕಿ ಎತ್ತುವಾಗ ಅವಳಿಗೆ ಆಗುತ್ತಿದ್ದ ನೋವು ನಿಂತಿತು. ಬೇಕಾದವರು ಅಂಗಡಿಗೆ ಬಂದರೆ ಬರೀ ಬಟ್ಟೆಯ ಖರ್ಚಿನಲ್ಲಿ ಹೊಲಿದು ಕೊಡುತ್ತೇನೆ.

ನಸುಕಿನಲ್ಲಿ ಕಲಬುರಗಿ ಬಿಟ್ಟೆವು. ಸಂಜೆ ರೈಲು ಬುರ್ಹಾನಪುರ ದಾಟುವಾಗ ಅವಳು ಮಕ್ಕಳನ್ನು ಕಿಟಕಿ ಹತ್ತಿರ ಕರೆದಳು. ಮುಮ್ತಾಜ್ ತೀರಿಕೊಂಡಿದ್ದು ಇದೇ ಊರಲ್ಲಿ, 1631ರಲ್ಲಿ, ಹದಿನಾಲ್ಕನೇ ಹೆರಿಗೆಯಲ್ಲಿ. ಮೊದಲು ಇಲ್ಲೇ ಮಣ್ಣು ಮಾಡಿದ್ದರು, ಆಮೇಲೆ ಆಗ್ರಾಕ್ಕೆ ಒಯ್ದರು. ಏಳು ವರ್ಷದ ಮೇಲೆ ಅವಳ ಟೀಚರ್ ದನಿ ಕೇಳಿದೆ. ಎದುರಿನ ಬರ್ತಿನವರೂ ಕಿವಿಗೊಟ್ಟು ಕೇಳುತ್ತಿದ್ದರು.

ಈಗ ಹೇಳಬೇಕಾದ ಕಷ್ಟದ ಮಾತು. ಆಗ್ರಾದಲ್ಲಿ ಒಂದು ಲಾಡ್ಜ್‌ಗೆ ಮೊದಲೇ ಫೋನ್ ಮಾಡಿದ್ದೆ. ವೀಲ್‌ಚೇರ್ ಬರುತ್ತದಾ ಅಂತ ಹಿಂದಿಯಲ್ಲಿ ಕೇಳಿದೆ. "ಬಿಲ್ಕುಲ್ ಆಯೇಗಾ ಜೀ" ಅಂದರು. ಅವರು ಸುಳ್ಳು ಹೇಳಿರಲಿಲ್ಲ. ಬಾಗಿಲಲ್ಲಿ ಇಳಿಜಾರು ಇತ್ತು, ಕೋಣೆ ಕೆಳಗಿನ ಅಂತಸ್ತಿನಲ್ಲೇ ಇತ್ತು. ಕುರ್ಚಿ ಮಂಚದವರೆಗೂ ಬಂತು. ಬಾತ್‌ರೂಮಿನ ಬಾಗಿಲು ಮಾತ್ರ 23 ಇಂಚು. ಅವಳ ಕುರ್ಚಿ 25 ಇಂಚು. ಅದಕ್ಕೆ ಮುಂದೆ ಐದಿಂಚಿನ ಹೊಸ್ತಿಲು ಬೇರೆ.

ಎರಡು ರಾತ್ರಿ ಮಕ್ಕಳನ್ನು ಹೊರಗೆ ಕಳಿಸಿ, ಬೆಡ್‌ಶೀಟ್ ಅಡ್ಡ ಹಿಡಿದು, ಕೋಣೆಯಲ್ಲೇ ಬಕೆಟ್ ಇಟ್ಟುಕೊಂಡು ಕಳೆದೆವು. ಅವಳು ಏನೂ ಅನ್ನಲಿಲ್ಲ. ನೀರು ಕುಡಿಯೋದು ಬಿಟ್ಟಳು, ಅಷ್ಟೇ. ಬಾಟಲಿ ಬೆಳಿಗ್ಗೆ ಇಟ್ಟ ಹಾಗೇ ಸಂಜೆಯೂ ಇರೋದು. ಬೆನ್ನುಹುರಿಗೆ ಪೆಟ್ಟಾದವರಿಗೆ ನೀರು ಕಡಿಮೆಯಾದರೆ ಮೂತ್ರದ ಸೋಂಕು ಬೇಗ ಆಗುತ್ತದೆ, ಡಾಕ್ಟರ್ ನೂರು ಸಲ ಹೇಳಿದ್ದಾರೆ. ಅವಳಿಗೂ ಗೊತ್ತು. ಆದರೂ ಕುಡಿಯಲಿಲ್ಲ.

ನನಗೆ ಹೊಟ್ಟೆ ಉರಿದಿದ್ದು ನನ್ನ ಮೇಲೆಯೇ. ಜೇಬಲ್ಲಿ ಸದಾ ಟೇಪು ಇರುವ ಮನುಷ್ಯ ನಾನು. ಬ್ಲೌಸಿಗೆ ಕಾಲಿಂಚು ಹೆಚ್ಚುಕಡಿಮೆ ಆದರೆ ಬಿಚ್ಚಿ ಮತ್ತೆ ಹೊಲಿಯುತ್ತೇನೆ. ನನ್ನ ಹೆಂಡತಿಗೆ ಬೇಕಾದ ಬಾಗಿಲು ಎಷ್ಟು ಇಂಚು ಅಂತ ಕೇಳಬೇಕು ಅಂತ ಹೊಳೆಯಲೇ ಇಲ್ಲ. ಮ್ಯಾನೇಜರ್‌ಗೆ ಟೇಪು ಹಿಡಿದು ತೋರಿಸಿದೆ. ಅವರು ಬಾಗಿಲನ್ನೂ ಕುರ್ಚಿಯನ್ನೂ ಎರಡೆರಡು ಸಲ ನೋಡಿ, "ಇಲ್ಲಿವರೆಗೆ ಇದನ್ನ ಯಾರೂ ಕೇಳಿಲ್ಲ" ಅಂದರು. ಅವರಿಗೂ ಬೇಜಾರಾಗಿತ್ತು.

ಅವತ್ತೇ ರಾತ್ರಿ ದೆಹಲಿಯ ಲಾಡ್ಜ್‌ಗಳಿಗೆ ಫೋನ್ ಹಚ್ಚಿದೆ. ಒಂದೇ ಪ್ರಶ್ನೆ: ಬಾತ್‌ರೂಮ್ ಬಾಗಿಲು ಎಷ್ಟು ಇಂಚು? ಹತ್ತು ಕಡೆ ಗೊತ್ತಿಲ್ಲ ಅಂದರು, ಕೆಲವರು ಫೋನ್ ಇಟ್ಟುಬಿಟ್ಟರು. ಹನ್ನೊಂದನೇ ಕಡೆ ಒಬ್ಬ ಹುಡುಗ, "ನಿಲ್ಲಿ ಅಂಕಲ್, ಅಳೆದು ಹೇಳ್ತೀನಿ" ಅಂದ. ಹತ್ತು ನಿಮಿಷಕ್ಕೆ ವಾಟ್ಸಾಪ್‌ನಲ್ಲಿ ಮೂರು ಫೋಟೊ ಬಂದವು. ಬಾಗಿಲಿಗೆ ಅಡ್ಡ ಸ್ಟೀಲ್ ಟೇಪು ಹಿಡಿದ ಫೋಟೊ, 31 ಇಂಚು. ಹೊಸ್ತಿಲು ಇಲ್ಲ ಅಂತ ತೋರಿಸಲು ನೆಲದ ಫೋಟೊ. ಕಮೋಡಿನ ಪಕ್ಕ ಗೋಡೆಗೆ ಹಾಕಿದ ಕಂಬಿಯ ಫೋಟೊ. ಅವಳು ಮೂರನ್ನೂ ದೊಡ್ಡದು ಮಾಡಿ ನೋಡಿದಳು. ಆಮೇಲೆ ಬಾಟಲಿ ಎತ್ತಿ ಅರ್ಧ ಕುಡಿದಳು.

ತಾಜ್ ಮಹಲ್ ಬಗ್ಗೆ ಹೇಳಲೇಬೇಕು. ಶುಕ್ರವಾರ ಮುಚ್ಚಿರುತ್ತದೆ, ನೋಡಿಕೊಂಡು ಹೋಗಿ. ಹೊಗೆ ಬಿಡುವ ಗಾಡಿಗಳನ್ನು ಹತ್ತಿರ ಬಿಡಲ್ಲ, ಶಿಲ್ಪಗ್ರಾಮದ ಹತ್ತಿರದಿಂದ ಬ್ಯಾಟರಿ ಗಾಡಿ ಇದೆ. ತೋಟದಲ್ಲಿ ಕುರ್ಚಿ ಚೆನ್ನಾಗಿ ಓಡಿತು. ಗೋರಿ ಇರುವ ಅಮೃತಶಿಲೆಯ ಕಟ್ಟೆ ಏರಲು ಮೆಟ್ಟಿಲು. ಎತ್ತಿಕೊಂಡು ಹೋಗ್ತೀವಿ ಅಂದೆ. "ಜನರ ನಡುವೆ ಮೂಟೆ ಹಾಂಗ ಬ್ಯಾಡ್ರಿ, ನನಗ ಇಲ್ಲಿಂದನೇ ಪೂರ್ತಿ ಕಾಣಸ್ತದ" ಅಂದಳು. ಮಕ್ಕಳು ಹೋಗಿ ಬಂದರು. ಒಳಗೆ ಯಾರ ಗೋರಿ ನಟ್ಟನಡುವೆ ಇದೆ ಅಂತ ಕೇಳಿದಳು. ಇಬ್ಬರೂ ಗಮನಿಸಿರಲಿಲ್ಲ. ಮುಮ್ತಾಜಳದು ನಡುವೆ, ಶಹಜಹಾನನದು ಪಕ್ಕಕ್ಕೆ, ಇಡೀ ಕಟ್ಟಡದಲ್ಲಿ ಎಡಬಲ ಸರಿಹೊಂದದ್ದು ಅದೊಂದೇ ಅಂತ ಕೆಳಗೆ ಕೂತೇ ಹೇಳಿದಳು. ಮಗಳು ಮತ್ತೆ ಮೇಲೆ ಓಡಿ ನೋಡಿ ಬಂದಳು.

ಆಗ್ರಾದಿಂದ ದೆಹಲಿಗೆ ರೈಲು ಬೇಡ ಅಂತ ಕಾರು ಮಾಡಿದೆವು. ಖರ್ಚು ಜಾಸ್ತಿ, ಆದರೆ ಲಾಡ್ಜ್ ಬಾಗಿಲಿಂದ ಲಾಡ್ಜ್ ಬಾಗಿಲಿಗೆ ಎರಡೇ ಗೀಟು. ರೈಲಾದರೆ ಆರು.

ದೆಹಲಿ ಮೆಟ್ರೊ 2002ರ ಡಿಸೆಂಬರಿನಲ್ಲಿ ಶುರುವಾಗಿದ್ದು. ಲಿಫ್ಟ್ ಇದೆ, ಪ್ಲಾಟ್‌ಫಾರಂ ಮತ್ತು ಬೋಗಿಯ ನೆಲ ಹೆಚ್ಚುಕಡಿಮೆ ಒಂದೇ ಮಟ್ಟ. ಬಾಗಿಲು ತೆರೆಯಿತು. ನಾನು ರೂಢಿಯಂತೆ ಬಗ್ಗಿ ಹಿಡಿಯಲು ಹೋದೆ. ಅವಳು "ಬಿಡ್ರಿ" ಅಂದು ಎರಡೂ ಕೈಯಿಂದ ಗಾಲಿ ತಳ್ಳಿಕೊಂಡು ತಾನೇ ಒಳಗೆ ಹೋದಳು. ಏಳು ವರ್ಷದಲ್ಲಿ ಮೊದಲ ಸಲ ಯಾರೂ ಎತ್ತದೆ ಒಂದು ಗಾಡಿ ಹತ್ತಿದ್ದು. ಮಗಳು ನೋಟ್‌ಬುಕ್ ತೆಗೆದು, "ಇದಕ್ಕ ಗೀಟು ಹಾಕಬೇಕೇನಮ್ಮ?" ಅಂತ ಕೇಳಿದಳು. "ಸೊನ್ನೆ ಬರಿ" ಅಂದಳು. ಆ ಪುಟದಲ್ಲಿ ಈಗಲೂ ಎಂಟು ಸೊನ್ನೆ ಇವೆ.

ಕುತುಬ್ ಮಿನಾರ್‌ನಲ್ಲಿ ಇಳಿಜಾರುಗಳಿವೆ. ಅದರ ಹಿಂದೆ ಒಂದು ಕತೆ ಇದೆ. 2001ರ ಜನವರಿಯಲ್ಲಿ ವಿಜ್ಞಾನಿ ಸ್ಟೀಫನ್ ಹಾಕಿಂಗ್ ದೆಹಲಿಗೆ ಬಂದಿದ್ದರು. ಅವರದ್ದೂ ವೀಲ್‌ಚೇರ್. ಕುತುಬ್ ಮಿನಾರ್, ಜಂತರ್ ಮಂತರ್ ನೋಡಬೇಕು ಅಂದಾಗ ಕುರ್ಚಿ ಹೋಗಲು ದಾರಿಯೇ ಇರಲಿಲ್ಲ. ತಾವೂ ವೀಲ್‌ಚೇರ್ ಮೇಲೆಯೇ ಓಡಾಡುತ್ತಿದ್ದ, ಅಂಗವಿಕಲರ ಹಕ್ಕಿಗಾಗಿ ಹೋರಾಡುತ್ತಿದ್ದ ಜಾವೇದ್ ಅಬಿದಿ ಪಟ್ಟು ಹಿಡಿದರು. ಮರದ ಇಳಿಜಾರು ಹಾಕಿದರು. ಕೆಲವೇ ದಿನದಲ್ಲಿ ಆಯಿತು. ಆಗುತ್ತದೆ ಅಂತ ಅವತ್ತೇ ಗೊತ್ತಾಯಿತು, ಅಲ್ವಾ?

ಅಲ್ಲೇ ನೆರಳಲ್ಲಿ ಕೂತಾಗ ನಾಗಪುರ ಕಡೆಯ ಒಬ್ಬ ಹಿರಿಯರು ಮಾತಿಗೆ ಸಿಕ್ಕರು. ಅವರೂ ಗಾಲಿ ಕುರ್ಚಿ ಮೇಲೆ, ಜೊತೆಗೆ ಮಗಳು. ನಾವು ಕಲಬುರಗಿಯವರು ಅಂದ ಕೂಡಲೇ, ಬೀದರ್ ಕೋಟೆ ನೋಡಬೇಕು ಅಂತ ಬಹಳ ದಿನದ ಆಸೆ, ಕುರ್ಚಿ ಎಲ್ಲಿವರೆಗೆ ಹೋಗುತ್ತದೆ ಅಂತ ಕೇಳಿದರು. ನನ್ನ ಹೆಂಡತಿ ಬಹಮನಿ ಸುಲ್ತಾನರು ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ಒಯ್ದಿದ್ದು ಹೇಳಬಲ್ಲಳು. ರಂಗೀನ್ ಮಹಲಿನ ಮುತ್ತಿನ ಚಿಪ್ಪಿನ ಕೆಲಸ, 1472ರ ಮಹಮೂದ್ ಗವಾನ್ ಮದರಸಾ, ಎಲ್ಲಾ ಹೇಳಬಲ್ಲಳು. ಆ ರಂಗೀನ್ ಮಹಲಿನ ಹೊಸ್ತಿಲು ಎಷ್ಟು ಎತ್ತರ ಅಂತ ಅವಳಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಇಬ್ಬರೂ ಸುಮ್ಮನಾದೆವು. ನಮ್ಮ ಊರ ಕಡೆ ಬರ್ತೀನಿ ಅನ್ನುವವರಿಗೆ ದಾರಿ ಹೇಳಲು ಆಗಲಿಲ್ಲ ಅನ್ನುವ ಸಂಕಟ ಇನ್ನೂ ಇದೆ.

ಸಂಪಾದಕರೇ, ನನ್ನ ಮಾತು ಇಷ್ಟೇ. ಕಾನೂನು ಇದೆ. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರಲ್ಲಿ ಬಂತು, 2017ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಸಾರ್ವಜನಿಕ ಕಟ್ಟಡಗಳನ್ನು ಸರಿಮಾಡಲು ಕೊಟ್ಟಿದ್ದ ಐದು ವರ್ಷದ ಗಡುವು 2022ಕ್ಕೇ ಮುಗಿದಿದೆ. 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟ್, ಇದು ಬರೀ ಸಲಹೆ ಆಗಬಾರದು, ಕಡ್ಡಾಯದ ನಿಯಮ ಮಾಡಿ ಅಂತ ಕೇಂದ್ರಕ್ಕೆ ಹೇಳಿದೆ. ಅಳತೆಯೂ ಇದೆ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕು. ಆರಿಂಚಿನ ಮೂರು ಮೆಟ್ಟಿಲಿದ್ದರೆ 18 ಅಡಿ. ನಾವು ಬಹಳ ಕಡೆ ನೋಡೋದು ಮೂರು ಮೆಟ್ಟಿಲಿಗೆ ನಾಲ್ಕಡಿ ಸಿಮೆಂಟ್ ಬಳಿದ ಇಳಿಜಾರು. ಅದರ ಮೇಲೆ ಕುರ್ಚಿ ಹತ್ತಿಸಿದರೆ ಕೂತವರು ಹಿಂದಕ್ಕೆ ಮಗುಚುತ್ತಾರೆ. ಬಾಗಿಲು 900 ಮಿಲಿಮೀಟರ್, ಅಂದರೆ 35 ಇಂಚಿನ ಮೇಲೆ ಇರಬೇಕು.

ಎಲ್ಲಾ ಒಡೆದು ಕಟ್ಟಲು ದುಡ್ಡು ಬೇಕು, ಹೊತ್ತು ಬೇಕು. ಹಳೆಯ ಕೋಟೆಯನ್ನು ಒಡೆಯಲೂ ಬಾರದು. ಆದರೆ ಅಳೆದು ಹೇಳಲು ಏನು ಬೇಕು? ಮೂವತ್ತು ರೂಪಾಯಿ ಟೇಪು. ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲೆಯ ಪ್ರವಾಸಿ ಜಾಗಗಳಿಗೆ, ಬಸ್ ನಿಲ್ದಾಣಗಳಿಗೆ, ಯಾತ್ರಿ ನಿವಾಸಗಳಿಗೆ, ಲಾಡ್ಜ್‌ಗಳಿಗೆ ಒಂದೊಂದು ಬೋರ್ಡು ಬರಲಿ. ಗಾಡಿ ನಿಲ್ಲುವ ಜಾಗದಿಂದ ಎಷ್ಟು ದೂರ, ಮೆಟ್ಟಿಲು ಎಷ್ಟು, ಬಾಗಿಲು ಎಷ್ಟು ಇಂಚು, ಹೊಸ್ತಿಲು ಎಷ್ಟು ಇಂಚು, ಕಮೋಡ್ ಇದೆಯಾ, ಕಂಬಿ ಇದೆಯಾ. ಆಗಲ್ಲ ಅಂದರೆ ಆಗಲ್ಲ ಅಂತಲೇ ಬರೆಯಲಿ. ನಾವು ಮನೆಯಲ್ಲೇ ಕೂತು ತೀರ್ಮಾನ ಮಾಡುತ್ತೇವೆ. ‘ವೀಲ್‌ಚೇರ್ ಸೌಲಭ್ಯ ಇದೆ’ ಅಂತ ಬರೀ ಗೊಂಬೆ ಚಿತ್ರ ಅಂಟಿಸಿ ಎರಡು ದಿನ ಒಬ್ಬ ಹೆಣ್ಣುಮಗಳು ನೀರು ಕುಡಿಯದ ಹಾಗೆ ಮಾಡಬೇಡಿ. ನಿಮ್ಮ ಪತ್ರಿಕೆಯ ಪ್ರವಾಸದ ಪುಟದಲ್ಲೂ ಕಿಲೋಮೀಟರ್ ಪಕ್ಕ ಮೆಟ್ಟಿಲಿನ ಲೆಕ್ಕ ಒಂದು ಸಾಲು ಹಾಕಿ. ಅಳೆಯಲು ಯಾರೂ ಇಲ್ಲ ಅಂದರೆ ಭಾನುವಾರ ನನ್ನ ಅಂಗಡಿಗೆ ರಜೆ, ನಾನು ಬರುತ್ತೇನೆ. ಬೀದರ್ ಕೋಟೆಯಿಂದಲೇ ಶುರು ಮಾಡಬೇಕು ಅಂತ ಹೆಂಡತಿ ಹೇಳಿದ್ದಾಳೆ. ಕಲಬುರಗಿಯಿಂದ ಬೀದರಿಗೆ 2017ರಿಂದ ರೈಲೂ ಇದೆ. ಆ ನಾಗಪುರದ ಹಿರಿಯರ ನಂಬರು ನನ್ನ ಹತ್ತಿರ ಇದೆ, ಅವರಿಗೆ ಮೊದಲು ಕಳಿಸುತ್ತೇವೆ.

ಊರಿಗೆ ಬಂದ ಮೇಲೆ ಮೊದಲು ಅಳೆದದ್ದು ನನ್ನ ಅಂಗಡಿಯನ್ನೇ. ಎರಡು ಮೆಟ್ಟಿಲು, ಒಟ್ಟು 13 ಇಂಚು. ಇಳಿಜಾರಿಗೆ 13 ಅಡಿ ಬೇಕು. ರಸ್ತೆವರೆಗೆ ನನಗಿರುವ ಜಾಗ ಐದಡಿ. ಏಳು ವರ್ಷದಿಂದ ಹೆಂಡತಿ ಕುರ್ಚಿ ಮೇಲಿದ್ದರೂ ನಾನು ಇದನ್ನು ಅಳೆದಿರಲಿಲ್ಲ. ಈಗ ಕೆಳಗಿನ ಮೆಟ್ಟಿಲ ಪಕ್ಕದಲ್ಲಿ, ಕೂತವರ ಕೈಗೆ ಎಟುಕುವ ಹಾಗೆ, ನೆಲದಿಂದ 30 ಇಂಚು ಎತ್ತರಕ್ಕೆ ಒಂದು ಬೆಲ್ ಹಾಕಿಸಿದ್ದೇನೆ. ಮೇಲೆ ಮಗಳ ಅಕ್ಷರದಲ್ಲಿ ಬೋರ್ಡು ಇದೆ: "ಮೆಟ್ಟಿಲು 2, ಎತ್ತರ 13 ಇಂಚು. ಬಾಗಿಲು 32 ಇಂಚು. ಇಳಿಜಾರು ಇಲ್ಲ. ಬೆಲ್ ಒತ್ತಿ, ಹೊರಗೆ ಬಂದು ಅಳತೆ ತಗೊಳ್ತೀವಿ."

ಇಂತಿ,
ಒಬ್ಬ ದರ್ಜಿ, ಶಹಾಬಜಾರ, ಕಲಬುರಗಿ